ಡಾರ್ಕ್ ಮ್ಯಾಟರ್ ಅಂದ್ರೆ ನಮ್ಮದೇ ಕ್ವಾರ್ಕ್‌ಗಳ ಗಟ್ಟಿ ಉಂಡೆಗಳಾ?

ಡಾರ್ಕ್ ಮ್ಯಾಟರ್, ಅಂದ್ರೆ ವಿಶ್ವದಲ್ಲಿ ತೂಕ ಇದ್ದೂ ಕಣ್ಣಿಗೆ ಕಾಣದ ವಸ್ತು, ಅದರ ಬಗ್ಗೆ ಸುದ್ದಿ ಬಂದಾಗಲೆಲ್ಲ ಹೆಚ್ಚುಕಮ್ಮಿ ಒಂದೇ ಮಾತು, ಈ ಸಲನೂ ಸಿಗ್ಲಿಲ್ಲ ಅಂತ. ಅಮೆರಿಕದ ಸೌತ್ ಡಕೋಟಾದಲ್ಲಿ ಹಳೇ ಚಿನ್ನದ ಗಣಿಯೊಳಗೆ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಎಲ್‌ಝಡ್ ಅನ್ನೋ ಪ್ರಯೋಗ ನಡೀತಿದೆ. 10 ಟನ್ ದ್ರವ ಝೆನಾನ್ ತುಂಬಿಸಿಟ್ಟು, ಯಾವುದಾದ್ರೂ ಅಪರಿಚಿತ ಕಣ ಬಂದು ಒಂದು ಝೆನಾನ್ ಪರಮಾಣುವಿಗೆ ತಾಗುತ್ತಾ ಅಂತ ಕಾಯ್ತಾ ಇದ್ದಾರೆ. 2022ರಲ್ಲಿ ಮೊದಲ ರಿಸಲ್ಟ್ ಬಂತು, 2024ರಲ್ಲಿ ಇನ್ನೂ ಜಾಸ್ತಿ ಡೇಟಾ ಬಂತು, ಎರಡು ಸಲನೂ ಖಾಲಿ. ಹೀಗೆ ಖಾಲಿ ಕೈ ಆಗ್ತಾ ಹೋದಷ್ಟೂ ವಿಜ್ಞಾನಿಗಳು ಪಕ್ಕಕ್ಕೆ ಇಟ್ಟಿದ್ದ ಹಳೇ ಐಡಿಯಾಗಳನ್ನ ಮತ್ತೆ ತೆಗೆದು ನೋಡ್ತಿದ್ದಾರೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ಸೋದು ಒಂದಿದೆ. ಡಾರ್ಕ್ ಮ್ಯಾಟರ್‌ಗೆ ಹೊಸ ಕಣವೇ ಬೇಕಾಗಿಲ್ಲದೆ ಇರಬಹುದು, ನಮ್ಮ ಮೈಯಲ್ಲಿ, ಕಲ್ಲಲ್ಲಿ, ನೀರಲ್ಲಿ ಇರೋ ಕ್ವಾರ್ಕ್ ಅನ್ನೋ ಅತಿ ಚಿಕ್ಕ ಕಣಗಳ ಕುಟುಂಬವೇ ಬೇರೆ ರೀತಿ ಜೋಡಣೆಯಾಗಿ ಕೂತಿರಬಹುದು ಅನ್ನೋದು. ಇದನ್ನ ಬುಡದಿಂದ ನೋಡೋಣ.

ಕಾಣದ ತೂಕ ಇದೆ ಅಂತ ಗೊತ್ತಾಗಿದ್ದು ಹೇಗೆ

1933ರಲ್ಲಿ ಫ್ರಿಟ್ಸ್ ಝ್ವಿಕಿ ಅನ್ನೋ ಖಗೋಳ ವಿಜ್ಞಾನಿ ಕೋಮಾ ಅನ್ನೋ ಗೆಲಾಕ್ಸಿಗಳ ಗುಂಪನ್ನ ನೋಡ್ತಿದ್ರು. ಅಲ್ಲಿನ ಗೆಲಾಕ್ಸಿಗಳು ಓಡ್ತಿದ್ದ ವೇಗಕ್ಕೆ ಗುಂಪು ಯಾವತ್ತೋ ಚೆದುರಿ ಹೋಗ್ಬೇಕಿತ್ತು, ಆದ್ರೆ ಹೋಗಿಲ್ಲ, ಅಂದ್ರೆ ಕಣ್ಣಿಗೆ ಕಾಣೋದಕ್ಕಿಂತ ತುಂಬಾ ಜಾಸ್ತಿ ತೂಕ ಅಲ್ಲಿದ್ದು ಎಲ್ಲವನ್ನೂ ಹಿಡಿದಿಟ್ಟಿದೆ. ಆಮೇಲೆ 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಗೆಲಾಕ್ಸಿಗಳು ತಿರುಗೋ ವೇಗ ಅಳೆದ್ರು. ಮಧ್ಯದಿಂದ ದೂರ ಹೋದಷ್ಟೂ ನಕ್ಷತ್ರಗಳು ನಿಧಾನ ಆಗ್ಬೇಕಿತ್ತು, ಆಗ್ಲಿಲ್ಲ, ಅಂಚಿನಲ್ಲಿರೋವೂ ಅಷ್ಟೇ ಜೋರಾಗಿ ಸುತ್ತುತ್ತಿದ್ವು. ಅಲ್ಲೂ ಅದೇ ಕಥೆ, ಕಾಣದ ತೂಕ.

ಯುರೋಪಿನ ಪ್ಲಾಂಕ್ ಉಪಗ್ರಹ ಬಿಗ್ ಬ್ಯಾಂಗ್ ಆದ ಮೇಲೆ ಉಳಿದಿರೋ ಹಳೇ ಬೆಳಕನ್ನ ಅಳೆದು ಲೆಕ್ಕ ಇನ್ನೂ ಬಿಗಿ ಮಾಡಿತು. ವಿಶ್ವದ ಒಟ್ಟು ಬಂಡವಾಳದಲ್ಲಿ ನಮಗೆ ಗೊತ್ತಿರೋ ಮ್ಯಾಟರ್ ಸುಮಾರು 5%, ಡಾರ್ಕ್ ಮ್ಯಾಟರ್ ಸುಮಾರು 27%, ಉಳಿದ 68% ಡಾರ್ಕ್ ಎನರ್ಜಿ, ಅದು ಬೇರೆಯದೇ ವಿಷಯ, ಇಲ್ಲಿ ಬೇಡ. ಗೊತ್ತಿರೋ ಮ್ಯಾಟರ್ 1 ಭಾಗ ಇದ್ರೆ ಡಾರ್ಕ್ ಮ್ಯಾಟರ್ 5 ಭಾಗ, ಈ ಅನುಪಾತ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇಷ್ಟೆಲ್ಲ ಇದ್ರೂ ನಮ್ಮ ಸುತ್ತ ಅದು ಎಷ್ಟು ತೆಳುವಾಗಿ ಹರಡಿದೆ ಅಂದ್ರೆ ನಂಬೋದು ಕಷ್ಟ. ಸೌರವ್ಯೂಹದ ಹತ್ರ ಇರೋ ಸಾಂದ್ರತೆ ತಗೊಂಡು ಲೆಕ್ಕ ಹಾಕಿದ್ರೆ, ಇಡೀ ಭೂಮಿಯಷ್ಟು ದೊಡ್ಡ ಜಾಗದಲ್ಲಿ ಯಾವುದೇ ಗಳಿಗೆಯಲ್ಲಿ ಇರೋ ಡಾರ್ಕ್ ಮ್ಯಾಟರ್ ಒಂದು ಕೆಜಿನೂ ಆಗಲ್ಲ, ಅರ್ಧದಿಂದ ಮುಕ್ಕಾಲು ಕೆಜಿ ಅಷ್ಟೇ. ಗೆಲಾಕ್ಸಿ ಅಷ್ಟು ದೊಡ್ಡದಾಗಿರೋದ್ರಿಂದ ಒಟ್ಟು ಸೇರಿದಾಗ ಭಾರ ಆಗುತ್ತೆ.

ಕ್ವಾರ್ಕ್ ಅಂದ್ರೆ ಏನು

ಪರಮಾಣುವಿನ ನಡುವೆ ನ್ಯೂಕ್ಲಿಯಸ್, ಅದರೊಳಗೆ ಪ್ರೋಟಾನ್ ಮತ್ತು ನ್ಯೂಟ್ರಾನ್, ಇದು ಶಾಲೆಯಲ್ಲಿ ಓದಿದ್ದೇ. ಆ ಪ್ರೋಟಾನ್ ನ್ಯೂಟ್ರಾನ್ ಕೂಡ ಇನ್ನೂ ಚಿಕ್ಕ ಕಣಗಳಿಂದ ಆಗಿವೆ ಅಂತ 1964ರಲ್ಲಿ ಮರ್ರೆ ಗೆಲ್‌ಮನ್ ಮತ್ತು ಜಾರ್ಜ್ ಝ್ವೈಗ್ ಬೇರೆಬೇರೆಯಾಗಿ ಹೇಳಿದ್ರು, 1960ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಲ್ಯಾಬಿನಲ್ಲಿ ಪ್ರೋಟಾನ್‌ಗೆ ಎಲೆಕ್ಟ್ರಾನ್ ಹೊಡೆದು ನೋಡಿದಾಗ ಒಳಗೆ ನಿಜವಾಗ್ಲೂ ಗಟ್ಟಿ ಚುಕ್ಕೆಗಳಿವೆ ಅಂತ ಗೊತ್ತಾಯ್ತು. ಅವೇ ಕ್ವಾರ್ಕ್‌ಗಳು.

ಒಟ್ಟು ಆರು ಬಗೆ ಇವೆ: ಅಪ್, ಡೌನ್, ಸ್ಟ್ರೇಂಜ್, ಚಾರ್ಮ್, ಬಾಟಮ್, ಟಾಪ್. ಎರಡು ಅಪ್ ಒಂದು ಡೌನ್ ಸೇರಿದ್ರೆ ಪ್ರೋಟಾನ್, ಒಂದು ಅಪ್ ಎರಡು ಡೌನ್ ಸೇರಿದ್ರೆ ನ್ಯೂಟ್ರಾನ್. ನಾವು ಮುಟ್ಟೋ ನೋಡೋ ಎಲ್ಲದಕ್ಕೂ ಈ ಎರಡೇ ಸಾಕು. ಅಪ್ ಮತ್ತು ಡೌನ್ ತುಂಬಾ ಹಗುರ, ಸ್ಟ್ರೇಂಜ್ ಅವುಗಳಿಗಿಂತ ಸುಮಾರು 20ರಿಂದ 40 ಪಟ್ಟು ಭಾರ, ಉಳಿದ ಮೂರು ಇನ್ನೂ ತುಂಬಾ ಭಾರ. ಭಾರದ ಕ್ವಾರ್ಕ್‌ಗಳು ಸಾಮಾನ್ಯವಾಗಿ ಬಾಳಿಕೆ ಬರಲ್ಲ, ಕ್ಷಣದೊಳಗೆ ಹಗುರದವುಗಳಾಗಿ ಬದಲಾಗಿಬಿಡುತ್ತೆ. ಉದಾಹರಣೆಗೆ ಒಂದು ಸ್ಟ್ರೇಂಜ್ ಕ್ವಾರ್ಕ್ ಇರೋ ಲ್ಯಾಂಬ್ಡಾ ಅನ್ನೋ ಕಣ ಬದುಕೋದು ಒಂದು ಸೆಕೆಂಡಿನ ಸಾವಿರ ಕೋಟಿ ಭಾಗದಲ್ಲಿ ಎರಡೋ ಮೂರೋ ಭಾಗ.

ಇನ್ನೊಂದು ಮುಖ್ಯ ಗುಣ, ಕ್ವಾರ್ಕ್ ಒಂಟಿಯಾಗಿ ಯಾವತ್ತೂ ಸಿಗಲ್ಲ. ಅವನ್ನ ಹಿಡಿದಿಡೋ ಬಲಕ್ಕೆ ಸ್ಟ್ರಾಂಗ್ ಫೋರ್ಸ್ ಅಂತಾರೆ, ಕ್ವಾರ್ಕ್‌ಗಳನ್ನ ದೂರ ಎಳೆದಷ್ಟೂ ಎನರ್ಜಿ ಏರ್ತಾ ಹೋಗಿ ಕೊನೆಗೆ ಆ ಎನರ್ಜಿಯಿಂದಲೇ ಹೊಸ ಕ್ವಾರ್ಕ್ ಜೋಡಿ ಹುಟ್ಟಿಬಿಡುತ್ತೆ, ಒಂಟಿ ಕ್ವಾರ್ಕ್ ಕೈಗೆ ಬರೋದೇ ಇಲ್ಲ. ಅದೇ ತುಂಬಾ ಹತ್ತಿರ ಒತ್ತಿದ್ರೆ ಬಲ ಸಡಿಲ ಆಗುತ್ತೆ. ಇದನ್ನ 1973ರಲ್ಲಿ ಲೆಕ್ಕ ಹಾಕಿ ತೋರಿಸಿದ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್, ಡೇವಿಡ್ ಪೊಲಿಟ್ಸರ್‌ಗೆ 2004ರಲ್ಲಿ ನೊಬೆಲ್ ಬಂತು. ನಮ್ಮ ವಿಷಯಕ್ಕೆ ಇದರಿಂದ ಬೇಕಾದ್ದು ಇಷ್ಟು, ಮ್ಯಾಟರ್‌ನ ಸಾಕಷ್ಟು ಒತ್ತಿದ್ರೆ ಅಥವಾ ಸಾಕಷ್ಟು ಕಾಯಿಸಿದ್ರೆ ಪ್ರೋಟಾನ್ ನ್ಯೂಟ್ರಾನ್ ಅನ್ನೋ ಗಡಿಗಳು ಅಳಿಸಿ ಹೋಗಿ ಎಲ್ಲ ಕ್ವಾರ್ಕ್‌ಗಳೂ ಒಂದೇ ರಾಶಿಯಲ್ಲಿ ಓಡಾಡೋಕೆ ಶುರು ಮಾಡುತ್ತೆ. ಅದೇ ಕ್ವಾರ್ಕ್ ಮ್ಯಾಟರ್. ಇದು ಬರೀ ಕಲ್ಪನೆ ಅಲ್ಲ, ಅಮೆರಿಕದ ಬ್ರೂಕ್‌ಹೇವನ್ ಲ್ಯಾಬಿನಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳನ್ನ ಡಿಕ್ಕಿ ಹೊಡೆಸಿ, ಆಮೇಲೆ ಯುರೋಪಿನ ಸರ್ನ್ ಲ್ಯಾಬಿನಲ್ಲಿ ಸೀಸದ ನ್ಯೂಕ್ಲಿಯಸ್‌ಗಳನ್ನ ಡಿಕ್ಕಿ ಹೊಡೆಸಿ ಇದರ ಬಿಸಿ ರೂಪವನ್ನ ಮಾಡಿದ್ದಾರೆ, ಆದ್ರೆ ಹುಟ್ಟಿದ ತಕ್ಷಣ ತಣ್ಣಗಾಗಿ ಮಾಮೂಲಿ ಕಣಗಳಾಗಿ ಚೆದುರುತ್ತೆ.

ಸ್ಟ್ರೇಂಜ್ ಸೇರಿದ್ರೆ ಗಟ್ಟಿ ಆಗುತ್ತೆ ಅನ್ನೋ ವಾದ

ಇಲ್ಲಿಂದ ಅಸಲಿ ಕಥೆ ಶುರು. 1971ರಲ್ಲಿ ಅರ್ನಾಲ್ಡ್ ಬೋಡ್ಮರ್, ಆಮೇಲೆ 1984ರಲ್ಲಿ ಎಡ್ವರ್ಡ್ ವಿಟ್ಟೆನ್, ಒಂದು ಪ್ರಶ್ನೆ ಎತ್ತಿದ್ರು. ಜಗತ್ತಿನಲ್ಲಿ ಅತಿ ಭದ್ರವಾದ ಮ್ಯಾಟರ್ ಯಾವುದು? ಎಲ್ಲರೂ ಹೇಳೋ ಉತ್ತರ ಕಬ್ಬಿಣ ಮತ್ತು ಅದರ ಅಕ್ಕಪಕ್ಕದ ನ್ಯೂಕ್ಲಿಯಸ್‌ಗಳು. ಅವರು ಅಂದಿದ್ದು, ಇಲ್ಲ, ಅಪ್, ಡೌನ್, ಸ್ಟ್ರೇಂಜ್ ಮೂರೂ ಹೆಚ್ಚುಕಮ್ಮಿ ಸಮ ಇರೋ ಕ್ವಾರ್ಕ್ ರಾಶಿ ಕಬ್ಬಿಣಕ್ಕಿಂತಲೂ ಭದ್ರ ಇರಬಹುದು ಅಂತ.

ಕೇಳೋಕೆ ಉಲ್ಟಾ ಅನ್ಸುತ್ತೆ, ಸ್ಟ್ರೇಂಜ್ ಕ್ವಾರ್ಕ್ ಭಾರ, ಭಾರದ್ದು ಸೇರಿಸಿದ್ರೆ ಎನರ್ಜಿ ಜಾಸ್ತಿ ಆಗ್ಬೇಕಲ್ವಾ, ಭದ್ರತೆ ಹೇಗೆ ಬರುತ್ತೆ? ಉತ್ತರ ಪೌಲಿಯ ನಿಯಮದಲ್ಲಿದೆ. ಒಂದೇ ಬಗೆಯ ಎರಡು ಕ್ವಾರ್ಕ್‌ಗಳು ಪೂರ್ತಿ ಒಂದೇ ಸ್ಥಿತಿಯಲ್ಲಿ ಇರೋ ಹಾಗಿಲ್ಲ. ಹಾಗಾಗಿ ಕೆಳಗಿನ ಎನರ್ಜಿ ಲೆವೆಲ್‌ಗಳು ಭರ್ತಿ ಆದ ಮೇಲೆ ಬರೋ ಕ್ವಾರ್ಕ್‌ಗಳು ಮೇಲಿನ ಮೇಲಿನ ಲೆವೆಲ್‌ಗೆ ಹೋಗ್ಲೇಬೇಕು, ರಾಶಿ ದೊಡ್ಡದಾದಷ್ಟೂ ಇನ್ನೂ ಮೇಲೆ. ಅಪ್ ಮತ್ತು ಡೌನ್ ಎರಡೇ ಬಗೆ ಇದ್ರೆ ಎರಡು ಸಾಲು ಲೆವೆಲ್‌ಗಳು ಎತ್ತರದವರೆಗೂ ತುಂಬುತ್ತೆ. ಆಗ ಮೇಲಿನ ಲೆವೆಲ್‌ನಲ್ಲಿರೋ ಒಂದು ಡೌನ್ ಕ್ವಾರ್ಕ್ ಸ್ಟ್ರೇಂಜ್ ಆಗಿ ಬದಲಾದ್ರೆ ಅದಕ್ಕೆ ಹೊಸದಾಗಿ ಖಾಲಿ ಇರೋ ಮೂರನೇ ಸಾಲು ಸಿಗುತ್ತೆ, ಸೀದಾ ಕೆಳಗೆ ಹೋಗಿ ಕೂರಬಹುದು. ಸ್ಟ್ರೇಂಜ್ ಆಗೋಕೆ ಖರ್ಚಾಗೋ ಎನರ್ಜಿಗಿಂತ ಕೆಳಗಿಳಿದು ಉಳಿಯೋ ಎನರ್ಜಿ ಜಾಸ್ತಿ ಆದ್ರೆ ಒಟ್ಟಾರೆ ಲಾಭ, ಇಡೀ ರಾಶಿಗೆ ಭದ್ರತೆ.

ಕಬ್ಬಿಣದಲ್ಲಿ ಒಂದು ಪ್ರೋಟಾನ್ ಅಥವಾ ನ್ಯೂಟ್ರಾನ್ ಲೆಕ್ಕಕ್ಕೆ ಸುಮಾರು 930 ಎಂಇವಿ ಎನರ್ಜಿ ಇರುತ್ತೆ, ಎಂಇವಿ ಅನ್ನೋದು ಕಣಗಳ ಲೋಕದಲ್ಲಿ ತೂಕಕ್ಕೂ ಎನರ್ಜಿಗೂ ಬಳಸೋ ಅಳತೆ. ಸ್ಟ್ರೇಂಜ್ ಕ್ವಾರ್ಕ್ ಮ್ಯಾಟರ್‌ನಲ್ಲಿ ಮೂರು ಕ್ವಾರ್ಕ್ ಲೆಕ್ಕಕ್ಕೆ 930ಕ್ಕಿಂತ ಕಡಿಮೆ ಬಂದ್ರೆ ಅದೇ ಗೆದ್ದ ಹಾಗೆ. ಬರುತ್ತಾ? ಸ್ಟ್ರಾಂಗ್ ಫೋರ್ಸ್‌ನ ಸಮೀಕರಣಗಳನ್ನ ಇಂಥ ತಣ್ಣಗಿನ ದಟ್ಟ ರಾಶಿಗೆ ನೇರವಾಗಿ ಬಿಡಿಸೋಕೆ ಇವತ್ತಿನ ಕಂಪ್ಯೂಟರ್ ವಿಧಾನಗಳಿಗೂ ಆಗಲ್ಲ, ಸರಳೀಕರಿಸಿದ ಮಾಡೆಲ್‌ಗಳಲ್ಲಿ 930ರ ಸ್ವಲ್ಪ ಕೆಳಗೂ ಬರುತ್ತೆ ಸ್ವಲ್ಪ ಮೇಲೂ ಬರುತ್ತೆ. ಹಾಗಾಗಿ ನಾಲ್ಕು ದಶಕ ದಾಟಿದ್ರೂ ಇದು ಊಹೆಯಾಗೇ ಉಳಿದಿದೆ.

ಹಾಗಿದ್ರೆ ನಾವೆಲ್ಲ ಯಾಕೆ ಬದಲಾಗಿಲ್ಲ

ಇದು ಸತ್ಯ ಆದ್ರೆ ನಮ್ಮ ದೇಹದ ನ್ಯೂಕ್ಲಿಯಸ್‌ಗಳೂ ಆ ಭದ್ರ ರೂಪಕ್ಕೆ ಜಾರಿ ಹೋಗ್ಬೇಕಿತ್ತಲ್ಲ ಅನ್ನೋ ಪ್ರಶ್ನೆ ಬರೋದು ಸಹಜ. ಜಾರಲ್ಲ, ಯಾಕಂದ್ರೆ ದಾರಿ ಮಧ್ಯೆ ಏರು ಇದೆ. ಒಂದು ಕ್ವಾರ್ಕ್ ಸ್ಟ್ರೇಂಜ್ ಆದ್ರೆ ಲಾಭ ಇಲ್ಲ, ನಷ್ಟವೇ, ಲ್ಯಾಂಬ್ಡಾ ಥರ ತಕ್ಷಣ ವಾಪಸ್ ಬರುತ್ತೆ. ಲಾಭ ಸಿಗ್ಬೇಕಂದ್ರೆ ಒಂದೇ ನ್ಯೂಕ್ಲಿಯಸ್‌ನಲ್ಲಿ ಡಜನ್‌ಗಟ್ಟಲೆ ಕ್ವಾರ್ಕ್‌ಗಳು ಒಂದೇ ಕ್ಷಣಕ್ಕೆ ಒಟ್ಟಿಗೆ ಸ್ಟ್ರೇಂಜ್ ಆಗ್ಬೇಕು, ಅದು ವಿಶ್ವದ ವಯಸ್ಸಿಗೆ ಎಷ್ಟೋ ಪಟ್ಟು ಕಾದ್ರೂ ಆಗೋ ಮಾತಲ್ಲ. ಚಿಕ್ಕ ತುಂಡುಗಳಲ್ಲಿ ಮೇಲ್ಮೈಗೆ ಖರ್ಚಾಗೋ ಎನರ್ಜಿಯೂ ಜಾಸ್ತಿ, ಹಾಗಾಗಿ ಈ ಭದ್ರತೆ ಇದ್ರೂ ದೊಡ್ಡ ರಾಶಿಗೆ ಮಾತ್ರ ಅನ್ನೋದು ಸಾಮಾನ್ಯ ಅಭಿಪ್ರಾಯ.

ಬ್ರೂಕ್‌ಹೇವನ್‌ನಲ್ಲಿ ಹೊಸ ಕೊಲೈಡರ್, ಅಂದ್ರೆ ನ್ಯೂಕ್ಲಿಯಸ್‌ಗಳನ್ನ ಡಿಕ್ಕಿ ಹೊಡೆಸೋ ಯಂತ್ರ, ಶುರುವಾಗೋ ಮುಂಚೆ, 1999ರ ಸುಮಾರಿಗೆ, ಇದರಿಂದ ಸ್ಟ್ರೇಂಜ್ ಮ್ಯಾಟರ್ ಚೂರು ಹುಟ್ಟಿ ಭೂಮಿನೇ ನುಂಗಿಬಿಡುತ್ತೆ ಅನ್ನೋ ಭಯ ಹಬ್ಬಿತ್ತು, ಸರ್ನ್‌ನ ಎಲ್‌ಎಚ್‌ಸಿ ಅನ್ನೋ ಇನ್ನೂ ದೊಡ್ಡ ಕೊಲೈಡರ್ ಶುರುವಾದಾಗ 2008ರಲ್ಲೂ ಅದೇ ಮಾತು. ವಿಜ್ಞಾನಿಗಳ ಸಮಿತಿಗಳು ಕೂತು ಕೊಟ್ಟ ಉತ್ತರ ತುಂಬಾ ನೇರವಾಗಿತ್ತು: ಚಂದ್ರನ ಮೇಲೆ ವಾತಾವರಣ ಇಲ್ಲ, ನೂರಾರು ಕೋಟಿ ವರ್ಷಗಳಿಂದ ಕಾಸ್ಮಿಕ್ ಕಿರಣಗಳು, ಅಂದ್ರೆ ಬಾಹ್ಯಾಕಾಶದಿಂದ ಜೋರಾಗಿ ಬರೋ ಕಣಗಳು, ಅದೇ ಥರದ ಡಿಕ್ಕಿಗಳನ್ನ ಅಲ್ಲಿ ನೇರವಾಗಿ ಮಾಡ್ತಾನೇ ಇವೆ, ಚಂದ್ರ ಹಾಗೇ ಇದೆ. ಜೊತೆಗೆ ಅಂಥ ಚೂರಿಗೆ ಪಾಸಿಟಿವ್ ಚಾರ್ಜ್ ಇರುತ್ತೆ ಅಂತಲೇ ಹೆಚ್ಚಿನ ಲೆಕ್ಕಗಳು ಹೇಳೋದು, ನ್ಯೂಕ್ಲಿಯಸ್‌ಗೂ ಪಾಸಿಟಿವ್ ಚಾರ್ಜ್, ಒಂದನ್ನೊಂದು ತಳ್ಳುತ್ತೆ, ನುಂಗೋ ಪ್ರಶ್ನೆ ಬರಲ್ಲ.

ಬೆಳಕಿಗೆ ಸಿಕ್ಕೋ ವಸ್ತು ಕಾಣದೆ ಇರೋದು ಹೇಗೆ

ನನ್ನ ಪ್ರಕಾರ ಈ ಇಡೀ ಐಡಿಯಾದ ಜೀವ ಇರೋದೇ ಇಲ್ಲಿ, ಆದ್ರೆ ಸುದ್ದಿಗಳಲ್ಲಿ ಹೆಚ್ಚಾಗಿ ಇದೇ ಬಿಟ್ಟು ಹೋಗಿರುತ್ತೆ. ಡಾರ್ಕ್ ಮ್ಯಾಟರ್ ಅಂದ ತಕ್ಷಣ ಯಾವುದರ ಜೊತೆಗೂ ಸೇರದ, ಗೋಡೆಯೊಳಗೆ ಹಾದು ಹೋಗೋ ಯಾವುದೋ ನಾಜೂಕು ಕಣ ಅಂತ ಅಂದ್ಕೊಳ್ತೀವಿ. ಕ್ವಾರ್ಕ್ ಮ್ಯಾಟರ್ ಹಾಗಲ್ಲ, ಅದು ಬೆಳಕನ್ನ ತಡೆಯುತ್ತೆ, ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತೆ, ಎಲ್ಲಾ ಮಾಡುತ್ತೆ. ಆದ್ರೂ ಕಾಣಲ್ಲ.

1 ಸೆಂಟಿಮೀಟರ್ ಅಗಲದ ಒಂದು ನೀರಿನ ಗುಂಡು ಅಂದ್ಕೊಳ್ಳಿ. ಅದನ್ನ ಮಂಜಿನ ಹನಿಗಳ ಹಾಗೆ 0.01 ಮಿಲಿಮೀಟರ್ ಅಗಲದ ಹನಿಗಳಾಗಿ ಒಡೆದ್ರೆ 100 ಕೋಟಿ ಹನಿ ಆಗುತ್ತೆ, ಬೆಳಕಿಗೆ ಅಡ್ಡ ಬರೋ ಒಟ್ಟು ಜಾಗ 1000 ಪಟ್ಟು ಜಾಸ್ತಿ ಆಗುತ್ತೆ. ಮಂಜಿನಲ್ಲಿ ಎದುರಿಗಿರೋದು ಕಾಣದೆ ಇರೋದು ಅದಕ್ಕೇ, ಅಲ್ಲಿರೋ ನೀರು ತುಂಬಾ ಕಡಿಮೆ, ಆದ್ರೆ ಸಣ್ಣಸಣ್ಣದಾಗಿ ಹರಡಿದೆ. ಅದೇ ನೀರನ್ನೆಲ್ಲ ಒಟ್ಟುಗೂಡಿಸಿ ಕೆಲವೇ ಗುಂಡು ಮಾಡಿ ಅಲ್ಲೊಂದು ಇಲ್ಲೊಂದು ಇಟ್ರೆ ನೋಟ ಪೂರ್ತಿ ತಿಳಿಯಾಗುತ್ತೆ, ಒಂದು ಹನಿ ನೀರೂ ಕಮ್ಮಿ ಆಗಿಲ್ಲ.

ಕ್ವಾರ್ಕ್ ಮ್ಯಾಟರ್ ಈ ಒಟ್ಟುಗೂಡೋದನ್ನ ವಿಪರೀತಕ್ಕೆ ತಗೊಂಡು ಹೋಗುತ್ತೆ. ಅದರ ಸಾಂದ್ರತೆ ನ್ಯೂಕ್ಲಿಯಸ್‌ಗಿಂತ ಜಾಸ್ತಿ, ಒಂದು ಘನ ಸೆಂಟಿಮೀಟರ್‌ಗೆ ಸುಮಾರು 40 ಕೋಟಿ ಟನ್. 1 ಕೆಜಿ ತೂಕದ ಕ್ವಾರ್ಕ್ ಉಂಡೆಯ ಅಗಲ ಒಂದೂವರೆ ಎರಡು ಮೈಕ್ರೋಮೀಟರ್, ಅಂದ್ರೆ ಒಂದು ಬ್ಯಾಕ್ಟೀರಿಯಾ ಅಷ್ಟು. ಅಂಥ ಕೆಲವು ಉಂಡೆಗಳು ಊಹಿಸಲಾಗದಷ್ಟು ದೊಡ್ಡ ಜಾಗದಲ್ಲಿ ಚದುರಿದ್ರೆ ಯಾವ ಬೆಳಕಿಗೂ ಅಡ್ಡ ಬರಲ್ಲ, ಒಂದಕ್ಕೊಂದು ತಾಗೋದೂ ಇಲ್ಲ ಅನ್ನೋ ಅಷ್ಟು ಅಪರೂಪ, ಗುರುತ್ವಾಕರ್ಷಣೆ ಮಾತ್ರ ತೂಕಕ್ಕೆ ತಕ್ಕ ಹಾಗೆ ಪೂರ್ತಿ ಕೆಲಸ ಮಾಡುತ್ತೆ. ದೂರದಿಂದ ನೋಡೋರಿಗೆ ಇದಕ್ಕೂ ನಾಜೂಕು ಕಣಗಳ ಡಾರ್ಕ್ ಮ್ಯಾಟರ್‌ಗೂ ವ್ಯತ್ಯಾಸವೇ ತಿಳಿಯಲ್ಲ. ಎಲ್‌ಝಡ್ ಥರದ ಪ್ರಯೋಗದಲ್ಲಿ ಏನೂ ಸಿಗದೆ ಇರೋದಕ್ಕೂ ಇದು ಸರಿಹೊಂದುತ್ತೆ, ಭೂಮಿಗೆ ವರ್ಷಕ್ಕೆ ಕೆಲವು ಲಕ್ಷ ಉಂಡೆ ಬಿದ್ರೂ ಒಂದು ನಿರ್ದಿಷ್ಟ ಕೋಣೆಯೊಳಗೆ ಬೀಳೋ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬಹುದು.

ಮ್ಯಾಟರ್ ಲೆಕ್ಕ ಆಗಲೇ ಮುಗಿದಿದೆಯಲ್ಲ

ಸ್ವಲ್ಪ ಓದ್ಕೊಂಡಿರೋರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ. ಬಿಗ್ ಬ್ಯಾಂಗ್ ಆದ ಮೊದಲ ಕೆಲವು ನಿಮಿಷಗಳಲ್ಲಿ ಹೈಡ್ರೋಜನ್‌ನಿಂದ ಹೀಲಿಯಂ, ಡ್ಯೂಟೀರಿಯಂ ಅನ್ನೋ ಭಾರದ ಹೈಡ್ರೋಜನ್ ಎಲ್ಲ ಹುಟ್ಟಿದ್ವು, ಅವು ಎಷ್ಟೆಷ್ಟು ಹುಟ್ಟಿದ್ವು ಅನ್ನೋದು ಆಗ ಎಷ್ಟು ಪ್ರೋಟಾನ್ ನ್ಯೂಟ್ರಾನ್ ಇತ್ತು ಅನ್ನೋದರ ಮೇಲೆ ನಿಂತಿದೆ. ಇವತ್ತು ಅಳೆದು ನೋಡಿದ್ರೆ ಸರಿಯಾಗಿ ಆ 5% ಲೆಕ್ಕವೇ ಬರುತ್ತೆ. ಹಾಗಿದ್ರೆ ಡಾರ್ಕ್ ಮ್ಯಾಟರ್ ಕೂಡ ಕ್ವಾರ್ಕ್‌ಗಳದ್ದೇ ಅಂದ್ರೆ ಲೆಕ್ಕ ತಪ್ಪಲ್ವಾ?

ತಪ್ಪಲ್ಲ, ಉಂಡೆಗಳು ಅದಕ್ಕೂ ಮುಂಚೆಯೇ ಆಗಿದ್ರೆ. ಹೀಲಿಯಂ ಹುಟ್ಟಿದ್ದು ನಿಮಿಷಗಳ ಲೆಕ್ಕದಲ್ಲಿ, ಕ್ವಾರ್ಕ್ ಉಂಡೆಗಳು ಆಗಿದ್ರೆ ಆಗಿರೋದು ಒಂದು ಸೆಕೆಂಡಿನ ಲಕ್ಷದ ಒಂದು ಭಾಗದ ಹೊತ್ತಿಗೆ. ಅಷ್ಟರೊಳಗೆ ಉಂಡೆಯೊಳಗೆ ಸಿಕ್ಕಿಕೊಂಡ ಕ್ವಾರ್ಕ್‌ಗಳು ಆಮೇಲಿನ ನ್ಯೂಕ್ಲಿಯರ್ ಅಡುಗೆಯಲ್ಲಿ ಭಾಗವಹಿಸೋದೇ ಇಲ್ಲ, ಹೀಲಿಯಂ ಲೆಕ್ಕಕ್ಕೆ ಅವು ಇಲ್ಲದ ಹಾಗೇ. ಪ್ಲಾಂಕ್ ನೋಡಿದ ಹಳೇ ಬೆಳಕಿನ ಲೆಕ್ಕಕ್ಕೂ ಹಾಗೇ, ಉಂಡೆಗಳ ಮೇಲ್ಮೈ ತೀರಾ ಕಡಿಮೆ ಇರೋದ್ರಿಂದ ಬೆಳಕಿನ ಜೊತೆ ಅವು ಒದ್ದಾಡಲ್ಲ.

ಹುಟ್ಟಿದ ಕಥೆ, ಮತ್ತೆ ಅದಕ್ಕೆ ಬಿದ್ದ ಪೆಟ್ಟು

ವಿಟ್ಟೆನ್ 1984ರಲ್ಲಿ ಕೊಟ್ಟ ಚಿತ್ರ ಹೀಗಿತ್ತು. ವಿಶ್ವ ಹುಟ್ಟಿದ ಹೊಸದರಲ್ಲಿ ಎಲ್ಲ ಕಡೆ ಬಿಸಿ ಕ್ವಾರ್ಕ್ ರಾಶಿ, ಟೆಂಪರೇಚರ್ ಸುಮಾರು 2 ಲಕ್ಷ ಕೋಟಿ ಡಿಗ್ರಿಗೆ ಇಳಿದಾಗ ಅಲ್ಲಲ್ಲಿ ಪ್ರೋಟಾನ್ ನ್ಯೂಟ್ರಾನ್‌ಗಳ ಗುಳ್ಳೆಗಳು ಹುಟ್ಟಿ ಬೆಳೆಯೋಕೆ ಶುರುವಾಗುತ್ತೆ. ಗುಳ್ಳೆಗಳು ಬೆಳೆದು ಒಂದಕ್ಕೊಂದು ಕೂಡಿದಾಗ ನಡುವೆ ಉಳಿದ ಕ್ವಾರ್ಕ್ ರಾಶಿಯ ತುಣುಕುಗಳು ಕುಗ್ತಾ ಕುಗ್ತಾ ದಟ್ಟ ಆಗಿ, ನ್ಯೂಟ್ರಿನೋ ಅನ್ನೋ ಹಗುರ ಕಣಗಳ ಮೂಲಕ ಶಾಖ ಕಳ್ಕೊಂಡು, ಸ್ಟ್ರೇಂಜ್ ಮ್ಯಾಟರ್ ಉಂಡೆಗಳಾಗಿ ನಿಲ್ಲುತ್ತೆ. ವಿಶ್ವದ ಕ್ವಾರ್ಕ್‌ಗಳಲ್ಲಿ ಹೆಚ್ಚಿನ ಪಾಲು ಈ ಉಂಡೆಗಳಲ್ಲೇ ಸಿಕ್ಕಿಕೊಂಡು, ಹೊರಗೆ ಉಳಿದ ಸ್ವಲ್ಪದರಿಂದ ನಕ್ಷತ್ರಗಳು, ನಾವು, ಎಲ್ಲ ಆದ್ವಿ. ಹೊಸ ಕಣ ಬೇಡ, ಹೊಸ ಬಲ ಬೇಡ, ಇರೋದರಲ್ಲೇ ಕೆಲಸ ಮುಗೀತು. ನಿಜವಾಗ್ಲೂ ಚೆಂದದ ಐಡಿಯಾ.

ಪೆಟ್ಟು ಬಿದ್ದಿದ್ದು ಎರಡು ಕಡೆಯಿಂದ. 1985ರಲ್ಲಿ ಚಾರ್ಲ್ಸ್ ಆಲ್ಕಾಕ್ ಮತ್ತು ಎಡ್ವರ್ಡ್ ಫಾರ್ಹಿ, ಅಷ್ಟು ಬಿಸಿಯಲ್ಲಿ ಉಂಡೆಗಳ ಮೇಲ್ಮೈಯಿಂದ ನ್ಯೂಟ್ರಾನ್ ಪ್ರೋಟಾನ್‌ಗಳು ಆವಿಯಾಗಿ ಹೋಗ್ತಾ ಇರುತ್ತೆ, ತುಂಬಾ ದೊಡ್ಡವು ಬಿಟ್ಟು ಉಳಿದವು ಪೂರ್ತಿ ಮಾಯ ಆಗುತ್ತೆ ಅಂತ ತೋರಿಸಿದ್ರು. ಆಮೇಲೆ ಬೇರೆಯವರು ಆವಿಯಾದದ್ದು ಮತ್ತೆ ಹೀರಿಕೊಳ್ಳೋದನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅಷ್ಟು ಕೆಟ್ಟದಾಗಿಲ್ಲ ಅಂತ ಬಂತು. ಕೋಲ್ಕತ್ತಾದಲ್ಲಿ ಬಿಕಾಶ್ ಸಿನ್ಹಾ, ಶಿಬಾಜಿ ರಾಹಾ ಮತ್ತು ಅವರ ಜೊತೆಗಾರರು ಇದೇ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿ, ಸಾಕಷ್ಟು ದೊಡ್ಡ ಉಂಡೆಗಳು ಇವತ್ತಿನವರೆಗೂ ಉಳಿದು ಡಾರ್ಕ್ ಮ್ಯಾಟರ್ ಆಗೋ ದಾರಿ ಇದೆ ಅಂತ ವಾದ ಮುಂದಿಟ್ರು.

ಎರಡನೇ ಪೆಟ್ಟು ಜೋರು. ವಿಟ್ಟೆನ್ ಚಿತ್ರ ನಿಲ್ಲಬೇಕಂದ್ರೆ ಆ ಬದಲಾವಣೆ ಗುಳ್ಳೆ ಎದ್ದು, ಒಳಗೊಂದು ಹೊರಗೊಂದು ಅಂತ ಸ್ಪಷ್ಟ ಗಡಿ ಇಟ್ಕೊಂಡು ಆಗ್ಬೇಕು. 2006ರಲ್ಲಿ ಸೂಪರ್‌ಕಂಪ್ಯೂಟರ್‌ನಲ್ಲಿ ಸ್ಟ್ರಾಂಗ್ ಫೋರ್ಸ್ ಲೆಕ್ಕ ಮಾಡಿದ ಒಂದು ತಂಡ ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದು, ಹಾಗೆ ಗಡಿ ಇರಲಿಲ್ಲ, ಎಲ್ಲ ಕಡೆ ಒಂದೇ ಸಮ ನಿಧಾನಕ್ಕೆ ಬದಲಾವಣೆ ಆಯ್ತು ಅಂತ. ಗುಳ್ಳೆ ಇಲ್ಲ ಅಂದ್ರೆ ಸಿಕ್ಕಿಕೊಳ್ಳೋಕೆ ಜಾಗವೂ ಇಲ್ಲ. ವಿಟ್ಟೆನ್ ಹೇಳಿದ ನೇರ ರೂಪದಲ್ಲಿ ಈ ಐಡಿಯಾ ಇವತ್ತು ಕಷ್ಟದಲ್ಲಿದೆ ಅಂತಲೇ ಹೇಳ್ಬೇಕು.

ಆಕ್ಸಿಯಾನ್ ಗೋಡೆಯ ದಾರಿ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯ ಏರಿಯಲ್ ಝಿಟ್ನಿಟ್ಸ್ಕಿ 2003ರಲ್ಲಿ ಬೇರೆ ದಾರಿ ಹಿಡಿದ್ರು. ಅವರ ಪ್ರಕಾರ ಕ್ವಾರ್ಕ್‌ಗಳನ್ನ ಸುತ್ತುವರಿದು ಒತ್ತೋದು ಗುಳ್ಳೆಗಳಲ್ಲ, ಆಕ್ಸಿಯಾನ್ ಅನ್ನೋ ಕಣದ ಫೀಲ್ಡ್‌ನಲ್ಲಿ ಆಗೋ ಗೋಡೆಯಂಥ ರಚನೆಗಳು. ಆಕ್ಸಿಯಾನ್ ಬೇರೆ ಒಂದು ಸಮಸ್ಯೆ ಬಿಡಿಸೋಕೆ 1970ರ ದಶಕದಲ್ಲೇ ಊಹಿಸಿದ ಕಣ, ಇನ್ನೂ ಸಿಕ್ಕಿಲ್ಲ. ಹಾಗಾಗಿ ಹೊಸ ಕಣವೇ ಬೇಡ ಅನ್ನೋ ಅನುಕೂಲ ಇಲ್ಲಿ ಸ್ವಲ್ಪ ಕೈಬಿಡುತ್ತೆ, ಆದ್ರೆ ಬದಲಿಗೆ ಸಿಗೋದು ದೊಡ್ಡದು.

ವಿಶ್ವದಲ್ಲಿ ಮ್ಯಾಟರ್ ಇದೆ, ಅದರ ಎದುರು ರೂಪ ಆ್ಯಂಟಿಮ್ಯಾಟರ್ ಹೆಚ್ಚುಕಮ್ಮಿ ಇಲ್ಲ, ಯಾಕೆ ಅನ್ನೋದು ಇನ್ನೊಂದು ದೊಡ್ಡ ಒಗಟು. ಝಿಟ್ನಿಟ್ಸ್ಕಿ ಹೇಳೋದು ಆ್ಯಂಟಿಮ್ಯಾಟರ್ ಎಲ್ಲೂ ಹೋಗಿಲ್ಲ, ಉಂಡೆಗಳೊಳಗೆ ಅಡಗಿದೆ ಅಂತ. ಹೊರಗೆ ಕಾಣೋ ಮ್ಯಾಟರ್ 1 ಭಾಗ, ಮ್ಯಾಟರ್ ಉಂಡೆಗಳು 2 ಭಾಗ, ಆ್ಯಂಟಿಮ್ಯಾಟರ್ ಉಂಡೆಗಳು 3 ಭಾಗ. ಕೂಡಿಸಿ ನೋಡಿ, ಮ್ಯಾಟರ್ 1 ಮತ್ತು 2 ಸೇರಿ 3, ಆ್ಯಂಟಿಮ್ಯಾಟರ್ 3, ಎರಡೂ ಸಮ. ಡಾರ್ಕ್ ಅನ್ನಿಸಿಕೊಳ್ಳೋದು 2 ಮತ್ತು 3 ಸೇರಿ 5, ಕಾಣೋದು 1. ಮೇಲೆ ನೆನಪಿಟ್ಕೊಳ್ಳಿ ಅಂದಿದ್ದ ಅನುಪಾತ ಇದೇ. ಬೇರೆ ಹೆಚ್ಚಿನ ಥಿಯರಿಗಳಲ್ಲಿ ಡಾರ್ಕ್ ಮತ್ತು ಕಾಣೋ ಮ್ಯಾಟರ್ ಇಷ್ಟು ಹತ್ತಿರದ ಪ್ರಮಾಣದಲ್ಲಿ ಯಾಕಿವೆ ಅನ್ನೋದಕ್ಕೆ ಕಾರಣವೇ ಇರಲ್ಲ, ಇಲ್ಲಿ ಎರಡೂ ಒಂದೇ ಘಟನೆಯಿಂದ ಹುಟ್ಟಿದ್ದು ಅಂತ ಸಹಜವಾಗಿ ಬರುತ್ತೆ. ಉಂಡೆಗಳ ತೂಕ ಕೆಲವು ಗ್ರಾಂ ಅಥವಾ ಜಾಸ್ತಿ, ಗಾತ್ರ ಮೈಕ್ರೋಮೀಟರ್‌ನ ಒಳಗೆ. ಆ್ಯಂಟಿಮ್ಯಾಟರ್ ಉಂಡೆ ಮಾಮೂಲಿ ಗ್ಯಾಸ್ ಮೇಲೆ ಹಾದು ಹೋದಾಗ ಮ್ಯಾಟರ್ ಮತ್ತು ಆ್ಯಂಟಿಮ್ಯಾಟರ್ ತಾಗಿದ ಕಡೆ ಎರಡೂ ಸ್ವಲ್ಪ ಸ್ವಲ್ಪ ಇಲ್ಲವಾಗಿ ವಿಕಿರಣ ಬರಬೇಕು, ನಮ್ಮ ಗೆಲಾಕ್ಸಿಯ ನಡುವಿನಿಂದ ಬರೋ 511 ಕೆಇವಿ (ಕೆಇವಿ ಅಂದ್ರೆ ಎಂಇವಿಯ ಸಾವಿರದ ಒಂದು ಭಾಗ) ಗಾಮಾ ಕಿರಣಗಳಲ್ಲಿ ಒಂದಷ್ಟು ಇದರದ್ದೇ ಇರಬಹುದು ಅನ್ನೋದು ಅವರ ವಾದ. ಆ ಕಿರಣಗಳಿಗೆ ಬೇರೆ ವಿವರಣೆಗಳೂ ಇವೆ, ಹಾಗಾಗಿ ಇದನ್ನ ಸಾಕ್ಷಿ ಅಂತ ತಗೊಳ್ಳೋ ಹಾಗಿಲ್ಲ.

ಉಂಡೆ ಬೇಡ, ಆರೇ ಕ್ವಾರ್ಕ್ ಸಾಕು ಅನ್ನೋರು

ಇನ್ನೊಂದು ಗುಂಪು ದೊಡ್ಡ ರಾಶಿ ಬಿಟ್ಟು ಪುಟ್ಟ ಕಣಗಳ ಕಡೆ ನೋಡುತ್ತೆ. ಎರಡು ಮತ್ತು ಮೂರು ಕ್ವಾರ್ಕ್‌ಗಳ ಕಣಗಳಷ್ಟೇ ಗೊತ್ತಿದ್ದ ಕಾಲ ಹೋಯ್ತು, ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ 2015ರಲ್ಲಿ ಐದು ಕ್ವಾರ್ಕ್‌ಗಳ ಕಣ ತೋರಿಸಿತು, ನಾಲ್ಕರವೂ ಹಲವು ಸಿಕ್ಕಿವೆ. ಇವೆಲ್ಲ ಹುಟ್ಟಿದ ತಕ್ಷಣ ಒಡೆಯೋವು, ಡಾರ್ಕ್ ಮ್ಯಾಟರ್ ಆಗೋಕೆ ಸಾಧ್ಯ ಇಲ್ಲ, ಆದ್ರೆ ಕ್ವಾರ್ಕ್‌ಗಳು ವಿಚಿತ್ರ ಗುಂಪುಗಳಲ್ಲಿ ಸೇರುತ್ತೆ ಅನ್ನೋದಕ್ಕಂತೂ ಈಗ ಅನುಮಾನ ಇಲ್ಲ.

2020ರಲ್ಲಿ ಇಂಗ್ಲೆಂಡಿನ ಯಾರ್ಕ್ ಯೂನಿವರ್ಸಿಟಿಯ ಮಿಖಾಯಿಲ್ ಬಾಷ್ಕಾನೋವ್ ಮತ್ತು ಡೇನಿಯಲ್ ವಾಟ್ಸ್ ಡಿ-ಸ್ಟಾರ್ 2380 ಅನ್ನೋ ಆರು ಕ್ವಾರ್ಕ್‌ಗಳ ಕಣವನ್ನ ಮುಂದಿಟ್ಟಾಗ ಸುದ್ದಿಯಲ್ಲಿ ದೊಡ್ಡ ಸದ್ದಾಯ್ತು. ಇದರ ಗುರುತು ಜರ್ಮನಿಯ ಯೂಲಿಷ್ ಲ್ಯಾಬಿನಲ್ಲಿ ಸಿಕ್ಕಿತ್ತು. ಒಂಟಿಯಾಗಿದ್ರೆ ಕಣ್ಣು ಮುಚ್ಚಿ ತೆಗೆಯೋಕಿಂತ ಎಷ್ಟೋ ಕೋಟಿ ಕೋಟಿ ಪಟ್ಟು ಬೇಗ ಒಡೆಯುತ್ತೆ, ಆದ್ರೆ ವಿಶ್ವದ ಆರಂಭದಲ್ಲಿ ತುಂಬಾ ಒಟ್ಟಿಗೆ ಸೇರಿ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ಅನ್ನೋ ಒಂದೇ ಸ್ಥಿತಿಗೆ ಬಿದ್ರೆ ಉಳಿಯಬಹುದು ಅನ್ನೋದು ಅವರ ಪ್ರಸ್ತಾಪ. ಅಷ್ಟು ಬೇಗ ಒಡೆಯೋ ಕಣವನ್ನ 1380 ಕೋಟಿ ವರ್ಷ ಒಟ್ಟಿಗೆ ಹಿಡಿದಿಡೋ ಬಂಧ ಎಲ್ಲಿಂದ ಬರುತ್ತೆ ಅನ್ನೋದಕ್ಕೆ ಒಪ್ಪುವಂಥ ಉತ್ತರ ಬಂದಿಲ್ಲ ಅಂತ ನನಗೆ ಅನ್ಸುತ್ತೆ.

ಇದಕ್ಕಿಂತ ಗಟ್ಟಿ ನೆಲದ ಮೇಲೆ ನಿಂತಿರೋದು ನ್ಯೂಯಾರ್ಕ್ ಯೂನಿವರ್ಸಿಟಿಯ ಗ್ಲೆನಿಸ್ ಫರಾರ್ ಹೇಳೋ ಸೆಕ್ಸಾಕ್ವಾರ್ಕ್: ಎರಡು ಅಪ್, ಎರಡು ಡೌನ್, ಎರಡು ಸ್ಟ್ರೇಂಜ್, ಬಿಗಿಯಾಗಿ ಒಂದೇ ಕಣ. ತೂಕ ಸುಮಾರು 2054 ಎಂಇವಿಗಿಂತ ಕಡಿಮೆ ಇದ್ರೆ ಅದು ಒಡೆಯೋಕೆ ಎರಡೂ ಸ್ಟ್ರೇಂಜ್ ಕ್ವಾರ್ಕ್‌ಗಳು ಒಟ್ಟಿಗೆ ಬದಲಾಗ್ಬೇಕಾಗುತ್ತೆ, ಆಗ ಆಯಸ್ಸು ವಿಶ್ವದ ವಯಸ್ಸನ್ನೂ ಮೀರಬಹುದು. ಸುಮಾರು 1878ಕ್ಕಿಂತ ಕಡಿಮೆ ಇದ್ರೆ ಒಡೆಯೋದೇ ಇಲ್ಲ. ಚಾರ್ಜ್ ಇಲ್ಲದ್ದು, ನ್ಯೂಟ್ರಾನ್ ಥರವೇ ಕಾಣೋದ್ರಿಂದ ಲ್ಯಾಬಿನಲ್ಲಿ ಹುಟ್ಟಿದ್ರೂ ಯಾರೂ ಗಮನಿಸದೆ ಹೋಗಿರಬಹುದು ಅಂತಾರೆ ಅವರು. ಕ್ಯಾಲಿಫೋರ್ನಿಯಾದ ಬಾಬರ್ ಪ್ರಯೋಗದವರು ಹಳೇ ಡೇಟಾದಲ್ಲಿ ಹುಡುಕಿ 2019ರಲ್ಲಿ ಇಲ್ಲ ಅಂತ ಪ್ರಕಟಿಸಿದ್ರು. ಇಷ್ಟು ಹಗುರದ ಕಣ ಇದ್ದಿದ್ರೆ ನ್ಯೂಟ್ರಾನ್ ನಕ್ಷತ್ರಗಳ ಒಳಗೆಲ್ಲ ಅದೇ ತುಂಬ್ಕೊಂಡು ಅವು ಈಗಿರೋ ತೂಕ ತಡ್ಕೊಳ್ತಿರ್ಲಿಲ್ಲ ಅನ್ನೋ ಆಕ್ಷೇಪವೂ ಇದೆ.

ಹುಡುಕೋದು ಹೇಗೆ

ಉಂಡೆಗಳ ವಿಷಯಕ್ಕೆ ವಾಪಸ್ ಬಂದ್ರೆ, ಹುಡುಕೋಕೆ ಬೇಕಿರೋದು ಸೂಕ್ಷ್ಮ ಯಂತ್ರಕ್ಕಿಂತ ದೊಡ್ಡ ಜಾಗ ಮತ್ತು ಉದ್ದ ಕಾಲ. 1984ರಲ್ಲೇ ಆಲ್ವಾರೋ ಡಿ ರುಹೂಲಾ ಮತ್ತು ಶೆಲ್ಡನ್ ಗ್ಲಾಶೋ ಇಂಥ ಉಂಡೆ ಭೂಮಿಗೆ ಬಿದ್ರೆ ಏನಾಗುತ್ತೆ ಅಂತ ಬರೆದಿದ್ರು. ವೇಗ ಸೆಕೆಂಡಿಗೆ ಸುಮಾರು 250 ಕಿಲೋಮೀಟರ್, 0.1 ಗ್ರಾಂಗಿಂತ ಭಾರ ಇದ್ರೆ ಭೂಮಿ ಅದನ್ನ ನಿಲ್ಲಿಸೋಕೇ ಆಗಲ್ಲ, ಒಂದು ಕಡೆ ಹೊಕ್ಕು ಒಂದು ನಿಮಿಷದೊಳಗೆ ಇನ್ನೊಂದು ಕಡೆ ಹೊರಗೆ. ಗಾಳಿಯಲ್ಲಿ ಬರುವಾಗ ಹೊಳೆಯೋ ಗೆರೆ, ಆದ್ರೆ ಉಲ್ಕೆಗಿಂತ ತುಂಬಾ ವೇಗ. ನೆಲದೊಳಗೆ ಹೋದಾಗ ಸಣ್ಣ ಭೂಕಂಪ, ಆದ್ರೆ ಒಂದು ಬಿಂದುವಿನಿಂದ ಅಲ್ಲ, ಇಡೀ ಗೆರೆಯುದ್ದಕ್ಕೂ.

ಅಮೆರಿಕದ ಒಂದು ತಂಡ ಹಳೇ ಭೂಕಂಪ ದಾಖಲೆಗಳಲ್ಲಿ ಹುಡುಕಿ 1993ರ ಎರಡು ಘಟನೆಗಳು ಹೀಗೆ ಗೆರೆ ಥರ ಇವೆ ಅಂದಿತ್ತು, ಆಮೇಲೆ ಅದರಲ್ಲಿ ಒಂದರ ವಿಷಯದಲ್ಲಿ ಒಂದು ಕೇಂದ್ರದ ಗಡಿಯಾರವೇ ಸರಿ ಇರಲಿಲ್ಲ ಅಂತ ಗೊತ್ತಾಗಿ ಆ ಹೇಳಿಕೆ ನಿಲ್ಲಲಿಲ್ಲ. ಇಟಲಿಯ ಗ್ರಾನ್ ಸಾಸೋ ಪರ್ವತದ ಕೆಳಗಿನ ಮ್ಯಾಕ್ರೋ ಪ್ರಯೋಗ, ಬೊಲಿವಿಯಾದ ಚಕಲ್ತಾಯ ಬೆಟ್ಟದ ಮೇಲೆ 5000 ಮೀಟರ್‌ಗೂ ಎತ್ತರದಲ್ಲಿ ವಿಶೇಷ ಪ್ಲಾಸ್ಟಿಕ್ ಹಾಳೆಗಳನ್ನ ಹರಡಿ ಕಾದ ಸ್ಲಿಮ್ ಪ್ರಯೋಗ, ಎರಡರಲ್ಲೂ ಏನೂ ಇಲ್ಲ. ಕೋಟಿಗಟ್ಟಲೆ ವರ್ಷ ನೆಲದೊಳಗೆ ಇದ್ದ ಅಭ್ರಕದ ಹಾಳೆಗಳಲ್ಲಿ ಇಂಥ ಉಂಡೆ ತೂರಿಹೋದ ಗುರುತು ಇದೆಯಾ ಅಂತಲೂ ನೋಡಿದ್ದಾರೆ, ಅಲ್ಲೂ ಇಲ್ಲ. ಈ ಖಾಲಿ ಫಲಿತಾಂಶಗಳಿಂದ ಹಗುರದ ಉಂಡೆಗಳು ಬಹುಪಾಲು ಪಟ್ಟಿಯಿಂದ ಹೊರಗೆ ಹೋಗಿವೆ. 2019ರಲ್ಲಿ ಮೂವರು ಭೌತವಿಜ್ಞಾನಿಗಳು ಮನುಷ್ಯರ ಮೈಯನ್ನೇ ಡಿಟೆಕ್ಟರ್ ಅಂತ ತಗೊಂಡು ಲೆಕ್ಕ ಹಾಕಿದ್ರು, ಗುಂಡು ಹೊಕ್ಕ ಹಾಗೆ ಕಾರಣ ಇಲ್ಲದೆ ಯಾರೂ ಗಾಯಗೊಂಡಿಲ್ಲ ಅನ್ನೋದರಿಂದಲೇ ಒಂದಷ್ಟು ಗಾತ್ರಗಳ ದೊಡ್ಡ ಉಂಡೆಗಳಿಗೆ ಮಿತಿ ಹಾಕಬಹುದು ಅಂತ. ಈಗ ಬಾಹ್ಯಾಕಾಶ ನಿಲ್ದಾಣದಲ್ಲಿ 2019ರಿಂದ ಮಿನಿ-ಯೂಸೋ ಅನ್ನೋ ಟೆಲಿಸ್ಕೋಪ್ ರಾತ್ರಿ ಭೂಮಿ ಕಡೆ ಮುಖ ಮಾಡಿ ಹೊಳೆಯೋ ಗೆರೆಗಳನ್ನ ನೋಡೋ ಕೆಲಸ ಮಾಡಿದೆ, ಈ ಉಂಡೆಗಳೂ ಅದರ ಹುಡುಕಾಟದ ಪಟ್ಟಿಯಲ್ಲಿವೆ.

ಕೊನೆ ಮಾತು ನ್ಯೂಟ್ರಾನ್ ನಕ್ಷತ್ರಗಳದ್ದು ಆಗಬಹುದು

ದೊಡ್ಡ ನಕ್ಷತ್ರ ಸತ್ತಾಗ ಉಳಿಯೋ ನ್ಯೂಟ್ರಾನ್ ನಕ್ಷತ್ರದಲ್ಲಿ ಸೂರ್ಯನಷ್ಟು ಅಥವಾ ಅದಕ್ಕಿಂತ ಜಾಸ್ತಿ ತೂಕ ಸುಮಾರು 12 ಕಿಲೋಮೀಟರ್ ತ್ರಿಜ್ಯದೊಳಗೆ ಒತ್ತಿಕೊಂಡಿರುತ್ತೆ. ಬೋಡ್ಮರ್ ಮತ್ತು ವಿಟ್ಟೆನ್ ಹೇಳಿದ್ದು ನಿಜ ಆಗಿದ್ರೆ, ಒಂದೇ ಒಂದು ಸ್ಟ್ರೇಂಜ್ ಉಂಡೆ ಅದರೊಳಗೆ ಬಿದ್ದು ನಿಂತರೂ ಸಾಕು, ಅಲ್ಲಿ ನ್ಯೂಟ್ರಾನ್‌ಗಳಿಗೆ ಚಾರ್ಜ್ ಇಲ್ಲದ್ದರಿಂದ ತಳ್ಳೋ ಬಲವೂ ಇಲ್ಲ, ಇಡೀ ನಕ್ಷತ್ರ ಸ್ಟ್ರೇಂಜ್ ಮ್ಯಾಟರ್ ಆಗಿಬಿಡುತ್ತೆ. ಗೆಲಾಕ್ಸಿ ತುಂಬ ಅಂಥ ಉಂಡೆಗಳೇ ಡಾರ್ಕ್ ಮ್ಯಾಟರ್ ಆಗಿ ತೇಲ್ತಾ ಇದ್ರೆ ಯಾವ ನ್ಯೂಟ್ರಾನ್ ನಕ್ಷತ್ರಕ್ಕೂ ತಪ್ಪಿಸಿಕೊಳ್ಳೋ ಅವಕಾಶ ಇಲ್ಲ. ಅಂದ್ರೆ ನಾವು ನ್ಯೂಟ್ರಾನ್ ನಕ್ಷತ್ರ ಅಂತ ಕರೆಯೋ ಎಲ್ಲವೂ ಸ್ಟ್ರೇಂಜ್ ನಕ್ಷತ್ರಗಳೇ ಆಗಿರ್ಬೇಕು.

ಇದನ್ನ ಪರೀಕ್ಷೆ ಮಾಡಬಹುದು, ಯಾಕಂದ್ರೆ ಎರಡಕ್ಕೂ ತೂಕ ಮತ್ತು ಗಾತ್ರದ ಸಂಬಂಧ ಬೇರೆ. ಮಾಮೂಲಿ ನ್ಯೂಟ್ರಾನ್ ನಕ್ಷತ್ರ ತೂಕ ಕಡಿಮೆ ಆದಷ್ಟೂ ಉಬ್ಬುತ್ತೆ, ಸ್ಟ್ರೇಂಜ್ ನಕ್ಷತ್ರ ತನ್ನ ಬಲದಿಂದಲೇ ಹಿಡಿದುಕೊಂಡಿರೋದ್ರಿಂದ ತೂಕ ಕಡಿಮೆ ಆದಷ್ಟೂ ಚಿಕ್ಕದಾಗುತ್ತೆ. 2022ರಲ್ಲಿ ಹೆಸ್ ಜೆ1731-347 ಅನ್ನೋ ಸೂಪರ್‌ನೋವಾ (ಸಿಡಿದುಹೋದ ನಕ್ಷತ್ರ) ಅವಶೇಷದ ನಡುವಿನ ನಕ್ಷತ್ರದ ತೂಕ ಸೂರ್ಯನ ಸುಮಾರು 0.77ರಷ್ಟು, ತ್ರಿಜ್ಯ ಸುಮಾರು 10.4 ಕಿಲೋಮೀಟರ್ ಅಂತ ಜರ್ಮನಿಯ ತಂಡವೊಂದು ಪ್ರಕಟಿಸಿದಾಗ ಸ್ಟ್ರೇಂಜ್ ನಕ್ಷತ್ರದ ಮಾತು ಮತ್ತೆ ಎದ್ದಿತು, ಆದ್ರೆ ಆ ಅಳತೆ ನಕ್ಷತ್ರದ ದೂರ ಮತ್ತು ಅದರ ಮೇಲಿನ ವಾತಾವರಣದ ಬಗ್ಗೆ ಮಾಡಿದ ಊಹೆಗಳ ಮೇಲೆ ನಿಂತಿದೆ. 2017ರಿಂದ ಬಾಹ್ಯಾಕಾಶ ನಿಲ್ದಾಣದಲ್ಲಿರೋ ನೈಸರ್ ಅನ್ನೋ ಎಕ್ಸ್-ರೇ ಟೆಲಿಸ್ಕೋಪ್ ಅಳೆದ ನಕ್ಷತ್ರಗಳು ಇದಕ್ಕಿಂತ ಭಾರದವು, ಹೆಚ್ಚಿನವುಗಳ ತ್ರಿಜ್ಯ 11ರಿಂದ 13 ಕಿಲೋಮೀಟರ್ ಆಸುಪಾಸು ಬಂದಿದೆ. ಹಗುರವಾದ ಇನ್ನೊಂದು ನಕ್ಷತ್ರದ ತೂಕ ಮತ್ತು ತ್ರಿಜ್ಯ ಎರಡೂ ಅನುಮಾನಕ್ಕೆ ಎಡೆ ಇಲ್ಲದ ಹಾಗೆ ಸಿಕ್ಕಿ, ಅದು ಉಬ್ಬಿಕೊಂಡಿದೆ ಅಂತ ಗೊತ್ತಾದ್ರೆ ತನ್ನಷ್ಟಕ್ಕೆ ಭದ್ರವಾದ ಸ್ಟ್ರೇಂಜ್ ಉಂಡೆಗಳ ಡಾರ್ಕ್ ಮ್ಯಾಟರ್ ಅಲ್ಲಿಗೆ ಮುಗೀತು, ಆಕ್ಸಿಯಾನ್ ಗೋಡೆ ಒತ್ತಿ ಹಿಡಿದಿಟ್ಟಿರೋ ಉಂಡೆಗಳು ಮಾತ್ರ ಉಳಿಯುತ್ತೆ, ಅವಕ್ಕೆ ಬೇರೆಯದೇ ಪರೀಕ್ಷೆ ಬೇಕಾಗುತ್ತೆ.